ಮಣಿಕಟ್ಟು

ಕ್ರೇಟು ಜಾರಲಿಲ್ಲ. ಜಾರಿದ್ದು ನಾನು,
ಗವಿಪುರದ ಬೂತಿನ ಮುಂದೆ, ನಾಲ್ಕೂ ಇಪ್ಪತ್ತಕ್ಕೆ,
ಒಡೆದ ಪ್ಯಾಕೆಟ್ಟಿನ ಹಾಲಿನ ಮೇಲೆ ಕಾಲಿಟ್ಟು.
ಕೈ ಊರಿದೆ. ಒಣ ನುಗ್ಗೆಕೊಂಬೆ ಮುರಿದ ಸದ್ದು.
ಲಾರಿಯ ಇಮ್ತಿಯಾಜ್ ಮೊದಲು ಎಣಿಸಿದ್ದು
ಒಡೆಯದೆ ಉಳಿದ ಪ್ಯಾಕೆಟ್ಟುಗಳನ್ನು.
ತಪ್ಪಲ್ಲ, ಲೆಕ್ಕ ಒಪ್ಪಿಸಬೇಕಾದವನು ಅವನೇ.

ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು.
ಒಗೆದೊಗೆದು ಸವೆದ ಮಲ್ಲು ಪಂಚೆ, ನನ್ನ ಎಲುಬು;
ಆಚೆಯ ಟ್ಯೂಬ್‌ಲೈಟು ಕಾಣುತ್ತಿತ್ತು.
"ಹಾಲು ಕುಡೀತೀರೇನಮ್ಮ?"
ನಗು ಬಂತು. ನಕ್ಕರೆ ಕೈ ನೋಯುತ್ತದೆ.
ಇಪ್ಪತ್ತಾರು ವರ್ಷ, ದಿನಕ್ಕೆ ಮುನ್ನೂರು ಲೀಟರು
ಈ ಕೈ ದಾಟಿ ಹೋಗಿದೆ ಸಾರ್.
ಕುಡಿದದ್ದು ಮಾರದೆ ಉಳಿದದ್ದು, ಅದೂ ಕಾಫಿಗೆ,
ಅದೂ ಒಡೆಯದಿದ್ದರೆ.

ಆರು ವಾರ ಪ್ಲಾಸ್ಟರು.
ಎಡಗೈಯಲ್ಲಿ ಚಿಲ್ಲರೆ ಕೊಟ್ಟರೆ ಕೆಲವರು ಮುಖ ಸಿಂಡರಿಸುತ್ತಾರೆ,
ಉಳಿದವರು ಬುದ್ಧಿ ಹೇಳುತ್ತಾರೆ.
ರಿಟೈರಾದ ಪಿ.ಟಿ. ಮೇಷ್ಟ್ರು ಚೆನ್ನಕೇಶವಯ್ಯ:
"ದಿನಾ ಎರಡು ಲೋಟ ಕುಡಿ ಸಾವಂತ್ರಮ್ಮ, ನನ್ನ ನೋಡು,
ಎಪ್ಪತ್ತೊಂಬತ್ತು, ಲಾಲ್‌ಬಾಗಿನ ಬಂಡೆ ಹತ್ತುತ್ತೀನಿ."
ಐವತ್ತು ವರ್ಷದಿಂದ ಒಂದು ದಿನ ತಪ್ಪದೆ ಹತ್ತುತ್ತಾರೆ.
ಕಾಲು ಗಟ್ಟಿ ಮಾಡಿದ್ದು ಹಾಲೋ ಬಂಡೆಯೋ, ಕೇಳಲಿಲ್ಲ.

ಎದುರು ಅಪಾರ್ಟ್‌ಮೆಂಟಿನ ಶಿಬಾನಿ ಹಾಲು ಬಿಟ್ಟಿದ್ದಾಳೆ.
"ಮುಟ್ಟಲೇಬೇಡಿ ಆಂಟಿ, ಅದೇ ಮೂಳೆಯಿಂದ ಸುಣ್ಣ ಕದಿಯುತ್ತೆ.
ಹಾಲು ಜಾಸ್ತಿ ಕುಡಿಯೋ ದೇಶದಲ್ಲೇ ಸೊಂಟ ಮುರಿಯೋದೂ ಜಾಸ್ತಿ."
ಆ ದೇಶಗಳಲ್ಲಿ ಹಿಮದ ಮೇಲೆ ಜಾರುತ್ತಾರಾ, ನಾನು ಹಾಲಿನ ಮೇಲೆ ಜಾರಿದ ಹಾಗೆ?
ಅವಳಿಗೆ ಗೊತ್ತಿರಲಿಲ್ಲ.
ಎರಡು ದಿನಕ್ಕೊಮ್ಮೆ ಮೊಸರು ಒಯ್ಯುತ್ತಾಳೆ.
ಬೆಕ್ಕಿಗಂತೆ.

ನಮ್ಮವ್ವ ಜನ್ಮದಲ್ಲಿ ಲೋಟ ಹಾಲು ಕುಡಿದವಳಲ್ಲ.
ರಾಗಿ ಮುದ್ದೆ, ಹುಚ್ಚೆಳ್ಳು ಚಟ್ನಿ, ತಲೆ ಮೇಲೆ ಜಲ್ಲಿ ಬಾಂಡ್ಲಿ,
ಜಯನಗರದ ಎಷ್ಟು ಮಹಡಿ ಅವಳ ಕತ್ತಿನ ಮೇಲೆ ಎದ್ದವೋ.
ಅವಳಿಗೆ ಹಾಲೆರೆದದ್ದು ಮೂರನೆಯ ದಿನ,
ಹಾಲು ತುಪ್ಪಕ್ಕೆ, ಬೂದಿಯ ಮೇಲೆ.
ಮೂಳೆ ಆರಿಸುವಾಗ ಅಣ್ಣ ಒಂದನ್ನು ಅಂಗೈಯಲ್ಲಿಟ್ಟುಕೊಂಡು
ಏನೂ ಹೇಳದೆ ನನ್ನ ಕಡೆ ಚಾಚಿದ.
ತೂಕವಿತ್ತು.

ಪ್ಲಾಸ್ಟರು ಕತ್ತರಿಸಿದ ದಿನ ಡಾಕ್ಟರು:
"ಹಾಲು ಕುಡಿದ್ರೆ ಕೆಡುಕಿಲ್ಲ. ಅದೊಂದೇ ಕಾಯುತ್ತೆ ಅಂತಾನೂ ಇಲ್ಲ.
ಬಿಸಿಲಿಗೆ ಹೋಗ್ತೀರಾ?"
ಇದಕ್ಕೆ ನಗು ಬರಲಿಲ್ಲ.
ಮೂರಕ್ಕೆ ಏಳುತ್ತೇನೆ. ಬೂತು ಬಡಗುಮುಖ, ತಗಡಿನ ಮಾಡು.
ಶಟರ್ ಎಳೆದು ಮನೆ ಸೇರಿದರೆ ನಿದ್ದೆ.
ಸೂರ್ಯ ನನ್ನ ಗಿರಾಕಿಯೇ ಅಲ್ಲ.

ಈಗ ಎಂಟೂಮುಕ್ಕಾಲಿಗೆ, ಎರಡು ಕಟ್ಟಡದ ಸಂದಿಯಿಂದ
ಸೀರೆಯಂಚಿನಷ್ಟು ಬಿಸಿಲು ಬೀಳುವಲ್ಲಿಗೆ ಸ್ಟೂಲು ಎಳೆದುಕೊಳ್ಳುತ್ತೇನೆ.
ಹದಿನೆಂಟು ನಿಮಿಷ. ಆಮೇಲೆ ಶಿಬಾನಿಯ ಮಹಡಿಯ ನೆರಳು.
ತೆಳ್ಳಗಾದ ಕೈ ತೊಡೆಯ ಮೇಲೆ,
ಯಾರೋ ಮರೆತುಹೋದ ಸಾಮಾನಿನ ಹಾಗೆ.
ಇಮ್ತಿಯಾಜ್ ಕ್ರೇಟನ್ನು ಒಳಗೇ ತಂದಿಡುತ್ತಾನೆ, ನೆಲ ನೋಡಿಕೊಂಡು.

ನಿನ್ನೆ ಲೆಕ್ಕದ ಪುಸ್ತಕದಲ್ಲಿ
ನೀಲಿ, ಅರ್ಧ ಲೀಟರು, ಒಂದು, ಸ್ವಂತಕ್ಕೆ
ಎಂದು ಬರೆದು ಗಲ್ಲಕ್ಕೆ ದುಡ್ಡು ಹಾಕಿದೆ.
ರಾಗಿ ಹಿಟ್ಟು ಕದಡಿ ಕುಡಿದೆ, ಬಿಸಿಲಲ್ಲೇ ಕೂತು.
ಮೇಷ್ಟ್ರಿಗೆ ಹೇಳಿಲ್ಲ.
ಹುಡುಗಿಗೂ.