ಅದೇ ಸಿಳ್ಳೆ

ಬೆಳಗಿನ ಐದಕ್ಕೇ ಶುರು ಈ ತೂಯಿಯದು.
ಮೊದಲು ಗಂಟೆ, ಆಮೇಲೆ ಗಂಟಲೊಳಗೆ ಗೊರಗೊರ,
ಪಕ್ಕದ ಮನೆಯ ವ್ಯಾನು ಹಿಂದೆ ಸರಿಯುವಾಗಿನ ಬೀಪು,
ಕೊನೆಗೊಂದು ಕೆಮ್ಮು. ಆ ಕೆಮ್ಮು
ಹೋದ ಚಳಿಗಾಲಕ್ಕೆ ತೀರಿಕೊಂಡ ನನ್ನ ತಾಮಿಹಾನನದು.

ಸಾಧು ಹಕ್ಕಿಯೇನಲ್ಲ.
ಕೊರಳಿಗೆ ಪಾದ್ರಿಯ ಹಾಗೆ ಬಿಳಿ ಕುಚ್ಚು,
ನಡತೆ ಮಾತ್ರ ಸಂತೆಯ ಜಗಳಗಂಟಿಯದು.
ಹರಕೆಕೆ ಹೂವಿಗೆಲ್ಲ ತಾನೇ ಒಡೆಯ ಎಂಬಂತೆ
ಹಣೆ ತುಂಬ ಕೇಸರಿ ಪುಡಿ ಬಳಿದುಕೊಂಡು
ಉಳಿದವರನ್ನು ಬೆರಸಾಡಿ ಓಡಿಸುತ್ತದೆ.
ಬದುಕಿದ್ದು ಇದು.

ಹೋದದ್ದು ಅದು.
ಅಜ್ಜ ಹೋಹೆಪಾ ಹೇಳುತ್ತಿದ್ದ:
ತರರುವಾ ಬೆಟ್ಟದ ಮಂಜಿನಲ್ಲಿ ನಿಂತು
ಹೀಗೆ, ಮೂರೇ ಸ್ವರ, ಸಿಳ್ಳೆ ಹಾಕಿದರೆ ಸಾಕಿತ್ತು,
ಜೋಡಿಯಾಗಿಯೇ ಕುಪ್ಪಳಿಸುತ್ತ ಬರುತ್ತಿದ್ದವು ಹುಯಿಯಾ.
ಗಂಡಿಗೆ ಮೋಟು ಕೊಕ್ಕು, ಹೆಣ್ಣಿಗೆ ಕುಡುಗೋಲಿನಂತೆ ಬಾಗಿದ್ದು,
ಎರಡಕ್ಕೂ ಕೆನ್ನೆಯಲ್ಲಿ ಕಿತ್ತಳೆ ಬಿಲ್ಲೆ.
ಕೈಗೆಟುಕುವ ಕೊಂಬೆಗೆ ಇಳಿದು,
ಕರೆದವರು ಯಾರಪ್ಪಾ ಎಂದು
ತಲೆ ಓರೆ ಮಾಡಿ ನೋಡುತ್ತಿದ್ದವಂತೆ.

ಆಮೇಲಿನದನ್ನು ಅಜ್ಜ ಹೇಳುತ್ತಿರಲಿಲ್ಲ.
ತಂಬಾಕು ತಿಕ್ಕುತ್ತಿದ್ದ ಹೆಬ್ಬೆರಳು
ಕುಣಿಕೆ ಬಿಗಿಯುವ ಹಾಗೆ ಒಮ್ಮೆ ಮಡಚಿಕೊಳ್ಳುತ್ತಿತ್ತು.
ಬಾಲಕ್ಕೆ ಹನ್ನೆರಡು ಗರಿ, ಕಪ್ಪು, ತುದಿ ಬಿಳಿ.
ಮೊದಮೊದಲು ಹಿರಿಯರ ಮುಡಿಗೆ,
ಆಮೇಲೆ ವೆಲಿಂಗ್ಟನ್ನಿನ ಅಂಗಡಿಯಲ್ಲಿ
ದುಡ್ಡಿದ್ದ ಯಾರ ಟೋಪಿಗಾದರೂ.

ಹುಯಿಯಾ ಹೋಯಿತು, ಹುಯಿಲೇ ಇಲ್ಲದೆ.

ಅಜ್ಜ ಆ ಸಿಳ್ಳೆ ಕಲಿಸಿದಾಗ ನನಗೆ ಏಳು,
ಮುಂದಿನ ಹಲ್ಲು ಬಿದ್ದು ಗಾಳಿ ಸೋರುತ್ತಿತ್ತು.
ಕರೆದರೆ ಬರುವವರು ಆಗಲೇ ಯಾರೂ ಇರಲಿಲ್ಲ.
ಈಗ ಎಂಬತ್ತೆರಡು, ಮತ್ತೆ ಅದೇ ಬೊಚ್ಚು ಬಾಯಿ.

ಈ ಕಳ್ಳನಿಗೆ ಕಲಿಸಿಬಿಟ್ಟರೆ? ಅನ್ನಿಸಿತು ಇವತ್ತು.
ಕೆಮ್ಮು ಕಾಪಾಡಿಕೊಂಡವನು ಇದನ್ನೂ ಕಾಪಾಡಿಯಾನು.
ನೈಟಿಯ ಮೇಲೆ ಕೋಟು ತೊಟ್ಟು ಹಿತ್ತಲಿಗೆ ಹೋಗಿ,
ತುಟಿ ಒದ್ದೆ ಮಾಡಿಕೊಂಡು
ಒಂದು ಸ್ವರ. ಇನ್ನೊಂದು.

ತೂಯಿ ಸುಮ್ಮನಾಯಿತು.
ಮರದ ತುದಿಯಿಂದ ನಡುಗೊಂಬೆಗೆ,
ಅಲ್ಲಿಂದ ಬಟ್ಟೆ ಒಣಹಾಕುವ ತಂತಿಗೆ,
ಇಷ್ಟು ಹತ್ತಿರ, ಕಣ್ಣಲ್ಲಿ ನನ್ನ ಕೋಟಿನ ಗುಂಡಿ ಕಾಣುವಷ್ಟು.
ತಲೆ ಓರೆ ಮಾಡಿ ನೋಡಿತು.

ಮೂರನೆಯ ಸ್ವರ ಬಾಯಲ್ಲೇ ಉಳಿಯಿತು.
ಹೋಗು, ಹೋಗಾಚೆ, ಮೂದೇವಿ!
ತಂತಿಯ ಮೇಲಿನ ಟವೆಲ್ಲು ಕಿತ್ತು ಬೀಸಿದೆ.

ಬೈದುಕೊಂಡೇ ಹಾರಿತು.
ಪೊಹುತುಕಾವದ ತುತ್ತತುದಿಗೆ ಹೋಗಿ ಕೂತು
ಸ್ವಲ್ಪ ಹೊತ್ತು ಬಿಟ್ಟು
ಕೆಮ್ಮಿತು.