ಸೀಮೆಸುಣ್ಣದ ಗೆರೆ

ಗಾಂಧಿ ಬಜಾರಿನ ಈ ಮಿಷನ್ನಿಗೆ ಕೂತು
ಎಷ್ಟು ಸಲ ಬೆರಳು ಚುಚ್ಚಿಕೊಂಡೆನೋ.
ಪ್ರತಿ ಸಲವೂ ಬಾಯಿಗಿಟ್ಟು ಚೀಪಿದ್ದೇನೆ.
ಉಪ್ಪು ಅಂದಿತು ನಾಲಿಗೆ, ಬೇರೇನೂ ಹೇಳಲಿಲ್ಲ.

ಲ್ಯಾಬಿನ ಶಾಹಿಸ್ತಾ
ಬಿಳಿ ಕೋಟಿನ ಜೇಬು ಹೊಲಿಸಲು ಬಂದವಳು
‘ಪಾಂಡೋಜಿ ಮಾಮಾ, ಒಮ್ಮೆ ಬನ್ನಿ’ ಅಂದಳು.

ಎರಡು ದಿನ ಚಹಾಕ್ಕೆ ಸಕ್ಕರೆ ಬಿಟ್ಟು
ಸಾಧುವಿನಂತೆ ಹೋಗಿ ತೋಳು ಚಾಚಿದೆ.
ನಕ್ಕಳು: ‘ಇದು ನಿನ್ನೆಯದಲ್ಲ ಮಾಮಾ,
ಮೂರು ತಿಂಗಳದ್ದು ಕೇಳುತ್ತೆ.’

ಸೊಸೆಯ ಸೀಮಂತದ ಹೋಳಿಗೆ,
ಗೋಪಿ ಸರ್ಕಲ್ಲಿನ ಕದ್ದ ಜಿಲೇಬಿ,
ಎಲ್ಲವನ್ನೂ ಬರೆದಿಟ್ಟಿತ್ತು ರಕ್ತ
ನನ್ನ ಅಳತೆ ಪುಸ್ತಕಕ್ಕಿಂತ ಚೊಕ್ಕವಾಗಿ.

ಆರು ಪಾಯಿಂಟ್ ಒಂದು.
ಕಾಯಿಲೆ ಅಲ್ಲವಂತೆ, ಇನ್ನೂ.
ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ;
ಕತ್ತರಿ ಮೇಜಿನ ಮೇಲೇ ಇದೆ.

ಅಂಗಡಿ ಮುಚ್ಚಿ ತುಂಗೆಯ ಸೇತುವೆವರೆಗೆ ನಡೆದೆ.
ಮೂವತ್ತು ವರ್ಷ ಪೆಡಲು ತುಳಿದ ಕಾಲು
ಎಲ್ಲಿಗೂ ಹೋಗಿರಲೇ ಇಲ್ಲ.