ಎಷ್ಟು ಪ್ರತಿ?

ಪರೇಲಿನ ಆಸ್ಪತ್ರೆಯ ಹಿಂಗೇಟಿಗೆ ಎದುರು
ಆರಡಿ ಅಗಲದ ಅಂಗಡಿ. ಎರಡು ಯಂತ್ರ,
ಒಂದು ಸ್ಟೂಲು, ನಾನು.
ಇಪ್ಪತ್ತೆಂಟು ವರ್ಷದಿಂದ ಕೇಳುವುದು ಒಂದೇ:
ಕಿತ್ನಾ ಕಾಪಿ? ಕಿತಿ? ಎಷ್ಟು?

ರೇಷನ್ ಕಾರ್ಡು, ಖೋಲಿಯ ಬಾಡಿಗೆ ಕರಾರು,
ನಿನ್ನೆ ಸತ್ತವರ ಆಧಾರ್.
ಬೆಳಕೊಂದು ಅಡಿಯಿಂದ ಹಾಯುತ್ತದೆ.
ಯಂತ್ರ ಓದುವುದಿಲ್ಲ, ಬರೆಯುತ್ತದೆ.
ಪ್ರತಿ ಎಣಿಸಿಕೊಂಡು ಹೊರಡುವ ಅವಸರದಲ್ಲಿ
ಮೂಲವನ್ನೇ ಮುಚ್ಚಳದಡಿ ಮರೆಯುವವರು
ದಿನಕ್ಕೊಬ್ಬರಾದರೂ ಇದ್ದೇ ಇರುತ್ತಾರೆ.
ಬಿಸ್ಕತ್ತಿನ ಡಬ್ಬದಲ್ಲಿ ಎತ್ತಿಡುತ್ತೇನೆ. ಯಾರೂ ಬರುವುದಿಲ್ಲ.

ಮೊನ್ನೆ ಮೃಣ್ಮಯಿ ಪರುಳೇಕರ್, ಎರಡನೇ ವರ್ಷದ ಹುಡುಗಿ,
ನಲವತ್ತು ಪುಟದ ನೋಟ್ಸು, ಹನ್ನೊಂದು ಸೆಟ್.
ಟೋನರ್ ತೆಳುವಾಗಿ ಚಿತ್ರ ಮಸುಕಾಯಿತೆಂದು
ಬೆರಳಿಟ್ಟು ತೋರಿಸಿದಳು:
ಇದು ಇಪ್ಪತ್ತು ತ್ರಿಕೋನದ ಡಬ್ಬಿ, ಅಂಕಲ್.
ಮೊಳೆಯಿಲ್ಲ, ಬಡಗಿಯಿಲ್ಲ, ಹೋಳುಗಳು
ತಾವೇ ಒಂದಕ್ಕೊಂದು ಕೂರುತ್ತವೆ.
ಒಳಗೆ ಸುತ್ತಿಟ್ಟ ದಾರ, ಅದರಲ್ಲೇ ಬರಹ.
ಹೊರಗೊಂದು ಲಕೋಟೆ, ಅದರ ಮೈತುಂಬ ಮುಳ್ಳು.

ಬಾಯಿ? ಇಲ್ಲ.
ಹೊಟ್ಟೆ? ಇಲ್ಲ.
ಮತ್ತೆ ಬದುಕುವುದು ಹೇಗೆ ಮಾರಾಯ್ತಿ?
ಬರೀ ಕಾಗದ ಅಂಕಲ್ ಅದು. ಯಂತ್ರ ನಿಮ್ಮದು.

ನಕ್ಕೆ. ನಕ್ಕಾಗ ಎಡಪಕ್ಕೆ ಚುರ್ರೆಂದಿತು.

ಶರ್ಟಿನೊಳಗೆ, ಬೆನ್ನಿನಿಂದ ಹೊಕ್ಕುಳ ಕಡೆಗೆ
ಮೂರು ದಿನದಿಂದ ಗುಳ್ಳೆಗಳ ದಿಂಡಿ ಹೊರಟಿತ್ತು.
ಸರ್ಪಸುತ್ತು, ಎಂದಳು ವಾರಿಜ. ಕೆಮ್ಮಣ್ಣು ತೇದು ಹಚ್ಚಿದಳು.
ತಲೆಗೆ ಬಾಲ ಕೂಡಿದರೆ ಮುಗಿಯಿತಂತೆ.
ರವಿಕೆ ಹೊಲಿಯುವ ಟೇಪಿನಲ್ಲಿ ರಾತ್ರಿ ರಾತ್ರಿ ಅಳೆಯುತ್ತಾಳೆ:
ಇನ್ನೂ ಹದಿನೇಳು ಇಂಚು ಬಾಕಿ.

ಹುಡುಗಿ ನೋಡಿ ಸುಮ್ಮನಾದಳು.
ಪುಟ ಮೂವತ್ತೊಂದು, ಅಂದಳು.
ಚಿಕ್ಕಂದಿನಲ್ಲಿ ಮೈಮೇಲೆ ಎದ್ದಿತ್ತೇ?

ಎದ್ದಿತ್ತು. ಗಿರಣಿಗಳು ಮುಷ್ಕರ ಹೂಡಿದ ವರ್ಷ,
ನನಗೆ ಒಂಬತ್ತು. ಲಾಲ್‌ಬಾಗಿನ ಚಾಳಿನ ಬಾಗಿಲಿಗೆ
ಬೇವು ಸಿಕ್ಕಿಸಿ ಅವ್ವ ಹೇಳಿದ್ದಳು, ಅಮ್ಮ ಬಂದಿದ್ದಾಳೆ, ಗಲಾಟೆ ಬೇಡ.
ಕೆಲಸವಿಲ್ಲದ ಅಪ್ಪ ಹಳೇ ಪೇಪರಿನಲ್ಲಿ
ಹಗಲಿಡೀ ಗಾಳಿ ಬೀಸಿದ್ದ. ಅದಕ್ಕೆ ಮುಂಚೆ
ಅವನನ್ನು ಹಗಲಲ್ಲಿ ನೋಡಿದ ನೆನಪೇ ಇಲ್ಲ.

ಆಗಲೇ ಬಂದದ್ದು, ಅಂದಳು.
ಮುಳ್ಳು ಕದ ತಟ್ಟಿತು, ಗುರುತಿನ ಕೈಯೆಂದು ಕದ ತೆರೆಯಿತು.
ಲಕೋಟೆ ಪೊರೆಯಲ್ಲಿ ಬೆರೆತುಹೋಯಿತು.
ಡಬ್ಬಿ ಜೀವಕೋಶದೊಳಗಿನ ಹಳಿ ಹಿಡಿದು
ನಡುಮನೆಯ ಕಿಂಡಿಗೆ ಮೂತಿಯಿಟ್ಟು
ದಾರವನ್ನಷ್ಟೇ ಒಳಕ್ಕೆ ಜಾರಿಸಿತು.
ಅಲ್ಲಿರುವ ಗುಮಾಸ್ತರು ನಿಮ್ಮವರೇ,
ಕೊಟ್ಟದ್ದನ್ನು ಬರೆಯುವವರು, ಸಹಿ ನೋಡದವರು.
ಹೊರಡುವಾಗ ನಿಮ್ಮದೇ ಪೊರೆ ಹರಿದು ಹೊಸ ಲಕೋಟೆ.

ಎಲ್ಲವೂ ಹೋಗಲಿಲ್ಲ. ಕೆಲವು ನರದ ಲೈನು ಹಿಡಿದು
ಬೆನ್ನುಹುರಿಯ ಪಕ್ಕದ ಸ್ಟೇಶನ್ನಿನಲ್ಲಿ ಇಳಿದು
ಮಲಗಿಬಿಟ್ಟವು.

ನಾಲ್ಕು ದಶಕ.
ಅಪ್ಪ ಹೋದ. ಗಿರಣಿಯ ಚಿಮಣಿ ಹೋಗಿ
ಗಾಜಿನ ಗೋಪುರ ಎದ್ದಿತು. ಕಾಗದಕ್ಕೆ ನಲವತ್ತು ಪೈಸೆ ಇದ್ದದ್ದು
ಮೂರು ರೂಪಾಯಿ ಆಯಿತು.
ನಾನು ಎಲ್ಲರಿಗೂ ಪ್ರತಿ ತೆಗೆದುಕೊಡುತ್ತಿದ್ದಾಗ
ನನ್ನ ಮುಚ್ಚಳದಡಿ ಒಂದು ಮೂಲಪ್ರತಿ
ಅಂಗಾತ ಬಿದ್ದುಕೊಂಡಿತ್ತು.

ಹುಡುಗಿ ಹಿರಿಯ ಡಾಕ್ಟರರ ಚೀಟಿ ತಂದಳು.
ಮಾತ್ರೆಯೆಂದರೆ ಒಂದು ಸುಳ್ಳು ಅಕ್ಷರವಂತೆ,
ನಿಜದ ಹಾಗೆ ಸಾಲಿನಲ್ಲಿ ನಿಲ್ಲುತ್ತದೆ,
ಮುಂದಿನ ಅಕ್ಷರ ಹಿಡಿಯಲು ಬಂದರೆ ಕೈ ಕೊಡುತ್ತದೆ.
ಪೇಪರ್ ಜಾಮ್! ಅಂದೆ.
ಹೌದು ಅಂಕಲ್, ಜಾಮ್.

ಮತ್ತೆ ಮೂಲ?
ಅದು ಹೋಗೋದಿಲ್ಲ. ಅಲ್ಲೇ ಇರುತ್ತೆ.

ನೋಟ್ಸಿಗೆ ದುಡ್ಡು ಬೇಡವೆಂದೆ. ಕೇಳಲಿಲ್ಲ,
ಅರ್ಧ ಎಣಿಸಿ ಇಟ್ಟು ಓಡಿದಳು.
ಷಟರ್ ಎಳೆಯುವ ಮುನ್ನ ಗಾಜು ಒರೆಸಿದೆ,
ಮುಚ್ಚಳ ಎತ್ತಿ ಇನ್ನೊಮ್ಮೆ ನೋಡಿದೆ.

ರಾತ್ರಿ ವಾರಿಜ ಟೇಪು ಹಿಡಿದಳು.
ಹದಿನೇಳು, ಅಂದಳು. ದೀಪದ ಹತ್ತಿರ ಬಾಗಿ
ಮತ್ತೊಮ್ಮೆ ಹಿಡಿದಳು. ನಿನ್ನೆಯದೇ
ಹದಿನೇಳು.